ಆಯಿಯ ಹರಕೆ, ಅವ್ವನ ತಲೆನೋವು

ಆಗೆಲ್ಲ ಶ್ರಾವಣ ಬಂತೆಂದರೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಸೋಮವಾರದ ಕೆಲಸಕ್ಕೆ ಕೊನೆಯೇ ಇರುತ್ತಿರಲಿಲ್ಲ. ಅಂಥದೊಂದು ಸೋಮವಾರ ಅವ್ವ ಎಮ್ಮೆ ಹಿಂಡಿದಳು, ಅಂಗಳ ಸಾರಿಸಿದಳು, ನೀರು ಹೊತ್ತಳು, ಕೌದಿ ಒಗೆದಳು, ಎಲ್ಲರಿಗೂ ರೊಟ್ಟಿ ಬಡಿದಳು. ತಾನು ಮಾತ್ರ ಒಂದು ಗುಟುಕು ಚಹಾನೂ ಕುಡಿಯಲಿಲ್ಲ.

ಸೊಸೆಯ ತಲೆನೋವು ಹೋಗಲೆಂದು ಹರಕೆ ಹೊತ್ತವಳು ಆಯಿ, ಅಂದರೆ ನಮ್ಮಪ್ಪನ ತಾಯಿ. ಉಪವಾಸ ಇರಬೇಕಾದವಳು ಅವ್ವ!

ಮಧ್ಯಾಹ್ನದ ಹೊತ್ತಿಗೆ ಅವ್ವನ ಎಡಗಣ್ಣಿನ ಹಿಂದೆ ನೋವು ಏಳುತ್ತಿತ್ತು. ಒಗ್ಗರಣೆಯ ವಾಸನೆಗೆ ವಾಂತಿ. ನಮ್ಮ ಕುಂಟಾಟದ ಸದ್ದಿಗೂ ಮುಖ ಹಿಂಡುತ್ತಿದ್ದಳು. ಜೋಳದ ಚೀಲಗಳ ಹಿಂದಿನ ಕತ್ತಲಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗುತ್ತಿದ್ದಳು.

"ಕಸಬರಿಗಿ ಕಂಡ್ರ ತಲಿ ನೋಯ್ತದ ನೋಡ್ರಿ ನಮ್ಮ ಮಹಾರಾಣಿದು," ಎನ್ನುತ್ತಿದ್ದಳು ಆಯಿ, ಬಂದವರ ಮುಂದೆಲ್ಲ.

ಸೋಮವಾರವೇ ನೋವು ಬರುವುದನ್ನು ಕಂಡು, ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಆಯಿ ಗುರುವಾರದ ಉಪವಾಸವನ್ನೂ ಸೇರಿಸಿದಳು. ನೋವು ಗುರುವಾರವೂ ಬಂತು. ಅಪ್ಪ ಎಲೆ-ಅಡಿಕೆ ಜಗಿಯುತ್ತ ನೋಡುತ್ತಿದ್ದ. ಆ ಜಗಿಯುವ ಸದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೊನೆಗೆ ಒಂದು ಗುರುವಾರ ಅವ್ವನ ಕಣತಲೆಗೆ ಬರೆ ಹಾಕಿಸುವುದೆಂದಾಯಿತು. ಬರೆ ಹಾಕುವ ಮುದುಕ ಬಂದು ಕುಡುಗೋಲಿನ ತುದಿಯನ್ನು ಒಲೆಯಲ್ಲಿಟ್ಟ. ಆದರೆ ಅವ್ವ ಸಂತೆಗೆ ಹೋದವರ ಕೈಲಿ ಚಿಟಗುಪ್ಪದ ತನ್ನ ಅಣ್ಣನಿಗೆ ಗುಟ್ಟಾಗಿ ಹೇಳಿಕಳಿಸಿದ್ದಳು. ಮಾಮಾ ಚಪ್ಪಲಿ ಬಿಡದೆ ಒಳಬಂದ.

"ನಮ್ಮ ತಂಗಿ ತಲಿ ಏನ್ ಎತ್ತಿನ ತೊಡಿ ಅದೇನ್ರಿ, ಬರಿ ಹಾಕಾಕ?"

"ಮನಿ ಗಂಡಸ್ರು ಸುಮ್ಮಿದ್ದಾರ, ನಿನಗ್ಯಾಕ ಉಸಾಬರಿ?" ಎಂದಳು ಆಯಿ.

"ಅವ್ರು ಸುಮ್ಮಿರೋದಕ್ಕೇ ಬಂದೀನ್ರಿ."

ನನ್ನನ್ನೂ ಅವ್ವನನ್ನೂ ಹುಮನಾಬಾದಿನ ಬಸ್ಸು ಹತ್ತಿಸಿ ತಾನೂ ಹತ್ತಿದ.

ಅಲ್ಲಿ ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ಮೊದಲು ಮಾಡಿದ ಕೆಲಸ, ಕಿಟಕಿಯ ಪರದೆ ಎಳೆದದ್ದು. ಅವ್ವ ಕಣ್ಣು ತೆರೆದಳು. ಒಂದೇ ಕಡೆ ನೋವೇ? ನಾಡಿಯಂತೆ ಬಡಿಯುತ್ತದೆಯೇ? ಬೆಳಕು, ಸದ್ದು ತಡೆಯದೇ? ತವರಿನಲ್ಲಿ ಯಾರಿಗಾದರೂ ಇತ್ತೇ? ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದೇ? ಜ್ವರ, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಉಂಟೇ? ಕುತ್ತಿಗೆ ಬಗ್ಗಿಸಿ, ಕಣ್ಣಿಗೆ ಬ್ಯಾಟರಿ ಬಿಟ್ಟು, ಕೈ ಹಿಡಿದು ಎಳೆಸಿ ನೋಡಿದರು.

"ಇದು ಮೈಗ್ರೇನ್ ಅವ್ವಾ. ನಾಟಕ ಅಲ್ಲ, ಗಾಳಿ ಅಲ್ಲ. ಹಸಿದಿದ್ರ ನಿನಗ ನೋವು ಬರ್ತದ. ಉಪವಾಸ ಬಿಡು. ಶುರುವಾದ ಕೂಡ್ಲೇ ಈ ಗುಳಿಗಿ ನುಂಗು. ಆದ್ರ ದಿನಾ ನುಂಗಬ್ಯಾಡ, ಮತ್ತ ಅದ್ರಿಂದನೇ ತಲಿ ನೋಯ್ತದ. ಇಷ್ಟು ವರ್ಷ ಏನ್ ಮಾಡ್ಕೊಂಡಿ?"

"ಬೈಸ್ಕೊಂಡೀನ್ರಿ, ಬಾಯಿ."

ನೋವು ಪೂರ್ತಿ ಹೋಗಲಿಲ್ಲ, ಬರುವುದು ಕಡಿಮೆಯಾಯಿತು. ಆದರೆ ಅದಕ್ಕೂ ಹಿಂದಿನ ವರ್ಷಗಳು? ನಾಗರ ಪಂಚಮಿಗೆ ಓಣಿಯ ತಾಯಂದಿರೆಲ್ಲ ಜೋಕಾಲಿ ಜೀಕುತ್ತಿದ್ದರು. ನನ್ನ ಅವ್ವ ಜೀಕಿದ ಒಂದು ನೆನಪೂ ನನಗಿಲ್ಲ. ಅದನ್ನು ಕಸಿದದ್ದು ಬರೀ ಕಾಯಿಲೆಯಲ್ಲ. ಈಗಲೂ ಮದುವೆಮನೆಯಲ್ಲಿ ಯಾರಾದರೂ ಕತ್ತಲ ಕೋಣೆ ಹುಡುಕಿದರೆ "ನಖರಾ" ಅನ್ನುವವರಿದ್ದಾರೆ. ಅವರ ಜೊತೆ ಜಗಳ ಆಡಿಯೇ ಏಳುತ್ತೇನೆ.

ಹುಮನಾಬಾದಿನಿಂದ ಮರಳಿದ ಆ ಗುರುವಾರ ಸಂಜೆ, ದೇವರಿಗೆ ದೀಪ ಹಚ್ಚುವ ಮೊದಲೇ, ಆಯಿಯ ಎದುರಿಗೇ ಅವ್ವ ತಾಟು ಹಾಕಿಕೊಂಡು ಕೂತಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೊಸರು. ಆಯಿ ಗೋಡೆ ಕಡೆ ಮುಖ ತಿರುಗಿಸಿದಳು. ಅವ್ವ ಇನ್ನೊಂದು ರೊಟ್ಟಿ ಕೇಳಿದಳು, ಮಾಮಾ ಬಡಿಸಿದ. ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದವಳು ಅವತ್ತು ಎಲ್ಲರಿಗಿಂತ ಮೊದಲು ಮಲಗಿದಳು.