ಎರೆನಾ ಕರೆದ ಶನಿವಾರ

ಮಾತಾರೊವಾ ಕೊಲ್ಲಿಯ ಮಾವೋರಿ ಹಿರಿಯರ ಮನೆಯಂಗಳಕ್ಕೆ ಹೆಂಗಸಿನ ದನಿ ಕರೆಯದೆ ಹೊರಗಿನವರಾರೂ ಕಾಲಿಡುವಂತಿಲ್ಲ. ಎಂಥ ದೊಡ್ಡವರೇ ಬರಲಿ, ಗೇಟಿನಾಚೆ ನಿಂತು ಕಾಯಲೇಬೇಕು. ನಲವತ್ತು ವರ್ಷ ಹಾಗೆ ಕರೆದವಳು ಎರೆನಾಳ ಚಿಕ್ಕಮ್ಮ ಹುಹಾನಾ. ಆದರೆ ಗುರುವಾರ ಪಟ್ಟಣದ ಹಲ್ಲಿನ ಡಾಕ್ಟರು ಅವಳ ಮೇಲಿನ ಹಲ್ಲುಗಳನ್ನೆಲ್ಲ ಕಿತ್ತುಬಿಟ್ಟರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಕ್ಲೆಂಡಿನಿಂದ ಒಂದು ಬಸ್ಸು ತುಂಬ ಅತಿಥಿಗಳು ಬರುವವರಿದ್ದರು.

"ಈ ಬಾಯಲ್ಲಿ ಕರುದ್ರೆ ಗೋಡೆ ಮೇಲೆ ಪಟದಲ್ಲಿರೋ ಹಿರಿಯರೆಲ್ಲ ಬಿದ್ದು ಬಿದ್ದು ನಗ್ತಾರೆ. ನೀನೇ ಕರಿಯೇ," ಎಂದಳು ಚಿಕ್ಕಮ್ಮ.

ಎರೆನಾ ಆಕ್ಲೆಂಡಿನಲ್ಲೇ ಹುಟ್ಟಿ ಓದಿದವಳು. ಮಾವೋರಿ ಮಾತು ಕಲಿತದ್ದೂ ಅಲ್ಲಿನ ಸಂಜೆ ತರಗತಿಯಲ್ಲಿ. ತಾಯಿಯ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಐದು ತಿಂಗಳ ಮಗ ಸೀನಿದರೂ ನರ್ಸಿಗೆ ಫೋನು ಮಾಡುವ ಹೆಣ್ಣು.

"ನನ್ ಕೈಲಾಗಲ್ಲ ಚಿಕ್ಕಮ್ಮ. ತಪ್ಪಾಗ್ಬಿಟ್ರೆ?"

"ಹಾಗಾದ್ರೆ ಬಾಗ್ಲು ಹಾಕೋಣ ಬಿಡು. ಕರೆಯೋಕೆ ಇನ್ಯಾರಿದ್ದಾರೆ ಇಲ್ಲಿ? ಬರೋರನ್ನೆಲ್ಲ ಪಕ್ಕದ ಕೊಲ್ಲಿಗೇ ಕಳಿಸೋಣ ಅಂತ ಗಂಡಸ್ರು ಆಗ್ಲೇ ಗುಸುಗುಸು ಅಂತಿದಾರೆ."

ಬಾಗಿಲು ಹಾಕುವುದೆಂದರೆ! ಮಗನನ್ನು ಈ ಅಂಗಳದಲ್ಲಿ ಬೆಳೆಸಬೇಕೆಂದೇ ಅವಳು ನಗರ ಬಿಟ್ಟು ಬಂದದ್ದು. ಎರಡು ದಿನ ಬಟ್ಟೆ ಒಣಹಾಕುತ್ತ, ಬಂಡೆಯಿಂದ ಚಿಪ್ಪುಮೀನು ಕೀಳುತ್ತ ಅಭ್ಯಾಸ ಮಾಡಿದಳು. ಕರೆ ನಡುವೆ ಕಡಿಯಬಾರದು, ಕಡಿದರೆ ಅಪಶಕುನ. ಬರೆದುಕೊಂಡಿದ್ದ ಕಾಗದವನ್ನು ಚಿಕ್ಕಮ್ಮ ಕಿತ್ತುಕೊಂಡು ಒಲೆಗೆ ಹಾಕಿದಳು. "ಚೀಟಿ ನೋಡ್ಕೊಂಡು ಯಾರಾದ್ರೂ ನೆಂಟರನ್ನ ಒಳಗೆ ಕರೀತಾರೇನೇ?"

ಶನಿವಾರ ಬಸ್ಸು ಬಂದೇಬಂತು. ಕಡಲ ದಂಡೆಯುದ್ದಕ್ಕೂ ನಡೆಯಲು ಬಂದ ಮೂವತ್ತು ಮಂದಿ ಹೆಂಗಸರು. ಅವರ ಪರವಾಗಿ ಮರುಕರೆ ಕೊಡಲು ಪಕ್ಕದ ಕೊಲ್ಲಿಯ ಮಕೆರೆ ಕಪ್ಪು ಉಡುಪು ತೊಟ್ಟು ಮುಂದೆ ನಿಂತಿದ್ದಳು. ತಪ್ಪು ಹಿಡಿಯುವುದರಲ್ಲಿ ಅವಳ ಕಿವಿ ಸುತ್ತಲ ನಾಲ್ಕು ಕೊಲ್ಲಿಗಳಲ್ಲೂ ಹೆಸರುವಾಸಿ.

ಎರೆನಾ ಗಂಡ ತಾಮತಿಯ ಕಡೆ ತಿರುಗಿದಳು. "ಮಗೂಗೆ ಟೋಪಿ ಹಾಕಿದೀರಾ?"

"ಟೋಪಿ, ಕಾಲುಚೀಲ, ಎಲ್ಲಾ ಹಾಕಿದೀನಿ. ಹೋಗು ಮಾರಾಯ್ತಿ, ಅವ್ರು ಬಿಸಿಲಲ್ಲಿ ನಿಂತಿದಾರೆ."

ಉಸಿರೆಳೆದುಕೊಂಡು ಕರೆದಳು. ಮೊದಲು ನಡುಗಿದ ದನಿ ಆಮೇಲೆ ತಾನೇ ನೆಟ್ಟಗಾಯಿತು. ಬನ್ನಿ ದೂರದವರೇ, ನಿಮ್ಮ ಅಗಲಿದವರನ್ನೂ ಜೊತೆಗೆ ಕರೆತನ್ನಿ, ಬನ್ನಿ ನಮ್ಮ ಬೆಟ್ಟದ ಬುಡಕ್ಕೆ... ಇನ್ನು ಹಿಂದೆ ನಿಂತ ಪುಕೆತೊರೊ ಬೆಟ್ಟದ ಹೆಸರು ಹೇಳಬೇಕು. ಬಾಯಿಂದ ಬಂದದ್ದು ಆಕ್ಲೆಂಡಿನ ಗುಡ್ಡದ ಹೆಸರು! ತರಗತಿಯಲ್ಲಿ ನೂರು ಸಲ ಹೇಳಿ ರೂಢಿಯಾದದ್ದು.

ಪಕ್ಕದಲ್ಲಿ ಚಿಕ್ಕಮ್ಮ ಬೆಚ್ಚಿದ್ದು ಗೊತ್ತಾಯಿತು. ಮಕೆರೆಯ ಹುಬ್ಬು ಮೇಲೇರಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು ಎರೆನಾಳಿಗೆ. ನಿಲ್ಲಿಸುವಂತಿಲ್ಲ, ಉಸಿರು ಮುಗಿಯುತ್ತಿದೆ. ಗೇಟಿನಾಚೆಯ ಮುಖಗಳನ್ನು ನೋಡಿದಳು. ಇವರು ಬಂದದ್ದು ಆ ಗುಡ್ಡದ ಬುಡದಿಂದಲೇ ಅಲ್ಲವೇ? ಯಾವ ಪಾಠದಲ್ಲೂ ಇಲ್ಲದ ಮಾತುಗಳು ತಾವಾಗಿ ಬಂದವು: ಆ ಗುಡ್ಡ ನಿಮ್ಮನ್ನು ಸಾಕಿತು, ನನ್ನನ್ನೂ ಸಾಕಿತು, ಅದರ ಕುಶಲವನ್ನು ಹೊತ್ತು ಬನ್ನಿ, ನಮ್ಮ ಪುಕೆತೊರೊ ಕೇಳಬೇಕೆಂದು ಕಾದಿದೆ, ಬನ್ನಿ.

ಆಮೇಲೆ ಮಕೆರೆಯ ದನಿ ಎದ್ದಿತು. ಎರಡೂ ಬೆಟ್ಟಗಳನ್ನು ಹೆಸರು ಹಿಡಿದು ವಂದಿಸಿತು. ಅತಿಥಿಗಳು ನಿಧಾನವಾಗಿ ಒಳಗೆ ನಡೆದುಬಂದರು.

ಮೂಗಿಗೆ ಮೂಗು ತಾಗಿಸಿ ಕುಶಲ ಹೇಳುವಾಗ ಮಕೆರೆ ಬಿಡಲಿಲ್ಲ. "ಎಲಾ ಹುಡುಗಿ, ಬಂದ ದಾರೀಲೇ ವಾಪಸ್ ಕಳಿಸ್ತೀಯೇನೋ ಅಂದ್ಕೊಂಡೆ!"

"ಬಾಯಿ ತಪ್ತು ಅತ್ತೆ."

"ಗೊತ್ತಾಯ್ತು. ಆದ್ರೂ ಕರೆ ಕಡೀಲಿಲ್ಲ ನೋಡು. ನಾನಾಗಿದ್ರೆ ಅಲ್ಲೇ ಮೂರ್ಛೆ ಹೋಗ್ತಿದ್ದೆ."

ಊಟದ ಮನೆಯಲ್ಲಿ ಸಿಹಿಗೆಣಸು ಬಡಿಸುತ್ತಿದ್ದಾಗ ಊರ ಗಂಡಸರಲ್ಲಿ ಹಿರಿಯನಾದ ಹೋರಿ ಎಂಬಾತ ಫೋನು ಹಿಡಿದುಕೊಂಡು ಬಂದ. "ಮುಂದಿನ ಶನಿವಾರ ಯಾವ್ದೋ ಶಾಲೆಯೋರು ಬರ್ತಾರಂತೆ. ಪಕ್ಕದ ಕೊಲ್ಲಿಗೆ ಹೋಗಿ ಅನ್ಲೋ, ಹೇಗೆ?"

ಚಿಕ್ಕಮ್ಮ ಎರೆನಾಳ ಕಡೆ ತಿರುಗಿದಳು.

"ಇಲ್ಲಿಗೇ ಬರ್ಲಿ ಅನ್ನಿ," ಎಂದಳು ಎರೆನಾ. "ಆದ್ರೆ ಹನ್ನೊಂದಕ್ಕೆ. ಹತ್ತಕ್ಕೆ ಮಗು ಮಲಗೋ ಹೊತ್ತು."