ಬ್ಯಾನರ್ ಮೇಲಿನ ವಿಶ್ವ ಚಾಂಪಿಯನ್

ನನ್ನ ಮಗಳಿಗೆ ಬಾಕ್ಸಿಂಗ್ ಕಲಿಸುವ ಕೋಚ್ ರಷ್ಯಾದವರು. ಒಂದು ಕಾಲಕ್ಕೆ ಎರಡು ಸಲ ತಮ್ಮ ದೇಶದ ಚಾಂಪಿಯನ್ ಆಗಿದ್ದವರು. ಈಗ ಐರ್ಲೆಂಡಿನ ಕಾರ್ಕ್‌ನಲ್ಲಿ, ಹಾಲಿಹಿಲ್‌ನ ನನ್ನ ಆಫೀಸಿನಿಂದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ, ಹಗಲು ಟೈರ್ ಅಂಗಡಿಯಲ್ಲಿ ದುಡಿದು ಸಂಜೆ ಅದರ ಹಿಂದಿನ ಶೆಡ್ಡಿನಲ್ಲಿ ಕ್ಲಬ್ ನಡೆಸುತ್ತಾರೆ. ಇಷ್ಟು ತಿಳಿದುಕೊಳ್ಳುವುದಕ್ಕೇ ನನಗೆ ಎರಡು ವರ್ಷ ಹಿಡಿಯಿತು. ಅದೂ ಅವರು ಹೇಳಿದ್ದಲ್ಲ, ಟೈರ್ ಅಂಗಡಿಯ ಮಾಲೀಕ ಹೇಳಿದ್ದು.

ಹೀಗಿರುವಾಗ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅವರನ್ನೇ ಮುಖ್ಯ ಅತಿಥಿಯಾಗಿ ಕರೆದು ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದರು. ಸಂಘದ ಇನ್ನೂ ಎರಡು ಮನೆಯ ಹುಡುಗಿಯರು ಆ ಶೆಡ್ಡಿಗೆ ಹೋಗುತ್ತಿದ್ದರು. ಪರಿಚಯ ಭಾಷಣ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹುಟ್ಟು, ಬಾಲ್ಯ, ಸಾಧನೆ, ಯುವಜನರಿಗೆ ಸಂದೇಶ, ಎಲ್ಲಾ ಇರಲಿ ಎಂದರು ಅಧ್ಯಕ್ಷರು.

ಮಗಳನ್ನು ಬಿಡಲು ಹೋದಾಗಲೆಲ್ಲ ಶೆಡ್ಡಿನ ಬೆಂಚಿನ ಮೇಲೆ ಕೂತು ಕೇಳತೊಡಗಿದೆ. ಎಲ್ಲಿ ಹುಟ್ಟಿದಿರಿ ಎಂದರೆ, ಚಳಿ ಊರು ಎಂದರು. ಬಾಕ್ಸಿಂಗ್ ಯಾಕೆ ಆರಿಸಿಕೊಂಡಿರಿ ಎಂದರೆ, ಒಳಗೆ ಬೆಚ್ಚಗಿತ್ತು ಎಂದರು. ಮರೆಯಲಾಗದ ಪಂದ್ಯ ಯಾವುದು ಎಂದರೆ, ಎಲ್ಲಾ ಮರೆತಿದ್ದೇನೆ ಎಂದು ಎದ್ದು ಹೋಗಿ ಯಾರಿಗೋ ಎಡಗೈ ಇಳಿಸಬೇಡ ಎಂದು ಕೂಗಿದರು. ಕಲ್ಲಿನಿಂದ ನೀರು ಹಿಂಡಿದಷ್ಟು ಸುಲಭವಿತ್ತು ಆ ಕೆಲಸ. ಒಂದು ದಿನ ಮಾತ್ರ, ವಿಶ್ವ ಮಟ್ಟದಲ್ಲಿ ಆಡಿದ್ದೀರಾ ಎಂದು ಕೇಳಿದ್ದಕ್ಕೆ, 'ಸೆಮಿಫೈನಲ್. ಸೋತೆ' ಎಂದರು. ಆಮೇಲೆ ಆ ಸಂಜೆಯೆಲ್ಲ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಾರ ಉಪಕಾರಕ್ಕೆ ನಾನು ಇಷ್ಟೆಲ್ಲ ಒದ್ದಾಡುತ್ತಿದ್ದೇನೆ ಅಂತ.

ಅಧ್ಯಕ್ಷರ ಹತ್ತಿರ ಇದ್ದದ್ದನ್ನು ಇದ್ದಂತೆ ಹೇಳಿದೆ: ದೇಶದ ಚಾಂಪಿಯನ್, ವಿಶ್ವ ಮಟ್ಟದಲ್ಲಿ ಸೆಮಿಫೈನಲ್ ತನಕ. ಅಷ್ಟೊತ್ತಿಗಾಗಲೇ ಬ್ಯಾನರ್ ಪ್ರಿಂಟ್ ಆಗಿತ್ತು. ಹಳದಿ ಕೆಂಪು ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ 'ವಿಶ್ವ ಚಾಂಪಿಯನ್' ಎಂದಿತ್ತು. ತಪ್ಪಾಗಿದೆಯಲ್ಲ ಸಾರ್ ಎಂದೆ.

'ಇರ್ಲಿ ಬಿಡಿ, ಗ್ರಾಂಡ್ ಆಗೇ ಐತೆ,' ಎಂದರು ಅವರು. 'ಅವ್ರಿಗೇನು ಕನ್ನಡ ಓದೋಕೆ ಬರುತ್ತಾ?'

ಅವರೊಬ್ಬರದೇ ಚಾಳಿಯಲ್ಲ ಇದು. ಅತಿಥಿಯನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿಯೇ ಕೂರಿಸುವುದು ನಮ್ಮವರ ಮರ್ಯಾದೆ. ಪಂಚಾಯಿತಿ ಸದಸ್ಯ ನಮ್ಮ ವೇದಿಕೆಯಲ್ಲಿ ಜನನಾಯಕನಾಗುತ್ತಾನೆ, ಎರಡು ಹಾಡು ಹೇಳಿದವಳು ಗಾನಕೋಗಿಲೆಯಾಗುತ್ತಾಳೆ. ಆ ಕಡೆಯವರೂ ನಾಚಿಕೊಂಡಂತೆ ನಕ್ಕು ಸುಮ್ಮನಿರುತ್ತಾರೆ. ಈ ಮನುಷ್ಯ ಸುಮ್ಮನಿರುವವರಲ್ಲ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ನನ್ನ ತಲೆಬಿಸಿ ಬೇರೆಯೇ ಇತ್ತು. ಅದೇ ಭಾನುವಾರ, ಕಾರಿನಲ್ಲಿ ಎರಡು ಗಂಟೆ ದೂರದ ಕಿಲ್ಕೆನ್ನಿಯಲ್ಲಿ ಮಗಳ ಮೊದಲ ಪಂದ್ಯ. ಹದಿನಾರು ವರ್ಷದ ಹುಡುಗಿ ಅದಕ್ಕಾಗಿ ಎರಡು ವರ್ಷ ಮೂಗಲ್ಲಿ ರಕ್ತ ಸೋರಿಸಿಕೊಂಡು, ತುಟಿ ಊದಿಸಿಕೊಂಡು ಕಾದಿದ್ದಳು. ತೂಕ ಮೀರಬಾರದೆಂದು ತಿಂಗಳಿಂದ ಅನ್ನ ಮುಟ್ಟಿರಲಿಲ್ಲ. ನಾಲ್ಕು ಗಂಟೆಯೊಳಗೆ ಅಲ್ಲಿ ತೂಕಕ್ಕೆ ನಿಲ್ಲಬೇಕು. ನಾಲ್ಕಾದರೆ ಬಾಗಿಲು ಹಾಕುತ್ತಾರೆ, ಮುಗಿಯಿತು. ಹನ್ನೊಂದಕ್ಕೆ ಕಾರ್ಯಕ್ರಮ ಶುರು ಮಾಡಿ ಹನ್ನೆರಡೂವರೆಗೆ ಅತಿಥಿಯನ್ನು ಬಿಟ್ಟುಕೊಡುತ್ತೇವೆಂದು ಅಧ್ಯಕ್ಷರು ದೇವರ ಮೇಲೆ ಆಣೆ ಹಾಕಿದ್ದರು. ಅಲ್ಲಿಂದ ನಾವು ಮೂವರೂ ನನ್ನ ಕಾರಿನಲ್ಲಿ ನೇರ ಕಿಲ್ಕೆನ್ನಿಗೆ ಹೋಗುವುದೆಂದು ಮಾತಾಗಿತ್ತು. ಹೆಂಡತಿಗೆ ಆವತ್ತು ಆಸ್ಪತ್ರೆ ಡ್ಯೂಟಿ. ನಮ್ಮವರ ಹನ್ನೊಂದು ಗಂಟೆಯನ್ನು ನಂಬಬೇಡಿ ಎಂದು ಹೇಳಿಯೇ ಹೋಗಿದ್ದಳು.

ಹನ್ನೊಂದಕ್ಕೆ ಹಾಲ್‌ನಲ್ಲಿ ಇದ್ದವರು ಮೈಕಿನವನು, ನಾನು, ಮಗಳು, ಮತ್ತು ಇಸ್ತ್ರಿ ಮಾಡಿದ ಹಳೇ ಕೋಟಿನಲ್ಲಿ ನೆಟ್ಟಗೆ ಕೂತಿದ್ದ ಕೋಚ್. ಜನ ಒಬ್ಬೊಬ್ಬರೇ ಬಂದು, ರೇಷ್ಮೆ ಸೀರೆಗೆ ತಾಗಿದ ಮಳೆ ಒರೆಸಿಕೊಂಡು, ಫೋಟೋ ತೆಗೆಸಿಕೊಂಡು, ದೀಪ ಹಚ್ಚುವಾಗ ಹನ್ನೆರಡೂವರೆ. ಆಮೇಲೆ ನಾಡಗೀತೆ, ಮಕ್ಕಳ ಡ್ಯಾನ್ಸು. ನಾನು ಅಧ್ಯಕ್ಷರ ಕಿವಿಯಲ್ಲಿ ಮೂರು ಸಲ ಟೈಮ್ ಹೇಳಿದೆ. ಮೂರು ಸಲವೂ ಇನ್ನೈದೇ ನಿಮಿಷ ಎಂದರು. ಮಗಳು ಟ್ರ್ಯಾಕ್‌ಸೂಟಿನಲ್ಲಿ, ಕಾಲ ಬಳಿ ಕಿಟ್ ಬ್ಯಾಗ್ ಇಟ್ಟುಕೊಂಡು, ಬಿಸಿಬೇಳೆಬಾತಿನ ವಾಸನೆ ಬರುವ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು.

ಕೊನೆಗೂ ಸನ್ಮಾನ ಬಂತು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಬೋಳುತಲೆಯ ಮೇಲೆ ಮೈಸೂರು ಪೇಟ ಇಟ್ಟರು. ಅದು ಜಾರಿ ಹುಬ್ಬಿನ ಮೇಲೆ ಕೂತಿತು. ನಾನು ಭಾಷಣವನ್ನು ನಾಲ್ಕು ಸಾಲಿಗೆ ಇಳಿಸಿ ಕೈಯಲ್ಲಿ ಹಿಡಿದು ನಿಂತಿದ್ದೆ. ಅಧ್ಯಕ್ಷರು ನನ್ನಿಂದ ಮೈಕ್ ಕಿತ್ತುಕೊಂಡು, ಅತಿಥಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ, ನಮ್ಮ ನಡುವೆ ವಿಶ್ವ ಚಾಂಪಿಯನ್ ಕೂತಿದ್ದಾರೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕೋಚ್ ಹಿಂದಿನ ಬ್ಯಾನರ್ ಕಡೆ ತಿರುಗಿ ನೋಡಿದರು. ಅಲ್ಲೂ ಹಾಗೇ ಬರೆದಿದೆಯಾ ಎಂದು ಮುಂದಿನ ಸಾಲಿನಲ್ಲಿದ್ದ ನನ್ನ ಮಗಳನ್ನು ಕೇಳಿದರು. ಅವಳು ನನ್ನನ್ನು ಕೇಳಿದಳು. ನಾನು ಹೌದೆಂದೆ.

ಅವರು ಎದ್ದು ಮೈಕ್ ತೆಗೆದುಕೊಂಡರು. ಆಗ ಗಂಟೆ ಒಂದೂವರೆ. ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಓಡಿದರೆ ಇನ್ನೂ ತೂಕಕ್ಕೆ ತಲುಪಬಹುದು ಎಂದುಕೊಂಡೆ.

ಇಳಿಯಲಿಲ್ಲ. ತಮ್ಮ ಮುರುಕು ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿಕೊಂಡು, ಹುಟ್ಟಿದಲ್ಲಿಂದ ಶುರು ಮಾಡಿದರು. ಉಕ್ಕಿನ ಕಾರ್ಖಾನೆಯ ಊರು, ಅಪ್ಪ ಅಲ್ಲಿ ಕ್ರೇನ್ ನಡೆಸುತ್ತಿದ್ದವರು. ಬಾಯ್ಲರ್ ಮನೆಯ ನೆಲಮಾಳಿಗೆಯಲ್ಲಿ ಬಾಕ್ಸಿಂಗ್ ಶಾಲೆ; ಚಳಿಗಾಲದಲ್ಲಿ ಊರಿನ ಹುಡುಗರಿಗೆ ಬೆಚ್ಚಗಿದ್ದ ಜಾಗ ಅದೊಂದೇ. ಕುಂಟುವ ಗುರುವೊಬ್ಬರು ಮೊದಲ ಚಳಿಗಾಲವೆಲ್ಲ ಗ್ಲೌಸ್ ಕೊಡದೆ ಬಾಗಿಲಿನ ಹಿಮ ಎತ್ತಿಸಿದರಂತೆ. ದೇಶದ ಚಾಂಪಿಯನ್ ಆದದ್ದು, ಮರುವರ್ಷ ಮತ್ತೆ ಆದದ್ದು, ವಿಶ್ವ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ ಪಾಯಿಂಟಿನಲ್ಲಿ ಸೋತದ್ದು, ಎಲ್ಲಾ ಹೇಳಿದರು. ನಾನು ವಾರಗಟ್ಟಲೆ ಬೆಂಚು ಸವೆಸಿ ಕೇಳಿದ್ದೆಲ್ಲ ಈಗ ತಾನಾಗಿ ಸುರಿಯುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ನಾನು ವೇದಿಕೆಯ ಕೆಳಗೆ ಕೂತು ಗಡಿಯಾರ ನೋಡುತ್ತಾ ಕಾಲು ಕುಣಿಸುತ್ತಿದ್ದೆ. ಯಾರಾದರೂ ಎದ್ದು ನಿಲ್ಲಿಸಬಾರದೇ ಅನಿಸುತ್ತಿತ್ತು. ಅಧ್ಯಕ್ಷರ ಭಾಷಣದ ತುಂಬಾ ಹರಟುತ್ತಿದ್ದ ಹಿಂದಿನ ಸಾಲಿನವರೂ ಈಗ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಸೋತು ಬಂದಾಗ ಅವರ ಊರಿನವರೂ ವೇದಿಕೆ ಹಾಕಿದ್ದರಂತೆ. ಮೋಸದಿಂದ ಸೋಲಿಸಿದರು, ನಿಜವಾದ ವಿಶ್ವ ಚಾಂಪಿಯನ್ ಇವನೇ ಎಂದು ಅಧಿಕಾರಿಗಳು ಭಾಷಣ ಮಾಡಿದರಂತೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಅತ್ತರಂತೆ. ಮೋಸವೇನೂ ಆಗಿರಲಿಲ್ಲ, ಎದುರಾಳಿ ಚೆನ್ನಾಗಿಯೇ ಆಡಿದ್ದ. ಇವರು ತಲೆ ತಗ್ಗಿಸಿ ಸುಮ್ಮನೆ ಕೂತರು. ಅಪ್ಪ ಸಾಯುವ ತನಕ ಅದನ್ನೇ ನಂಬಿದ್ದರು.

'ಸೋತೆ ಅಂತ ಒಪ್ಪಿಕೊಂಡಿದ್ದರೆ, ಯಾಕೆ ಸೋತೆ ಅಂತ ನೋಡುತ್ತಿದ್ದೆ,' ಎಂದರು ಕೋಚ್. 'ಮೋಸ ಆಯಿತು ಅಂದಮೇಲೆ ನೋಡುವುದಕ್ಕೆ ಏನಿದೆ? ಮುಂದಿನ ವರ್ಷ ಅದೇ ಹೊಡೆತಕ್ಕೆ ಒಬ್ಬ ಹೊಸಬನ ಕೈಲಿ ಬಿದ್ದೆ. ಆಮೇಲೆ ಮೇಲೇಳಲಿಲ್ಲ.'

ಮಗಳು ನನ್ನ ಪಕ್ಕ ಬಂದು, 'ಬ್ಯಾನರ್‌ನಲ್ಲಿ ಅದು ಯಾವ ವರ್ಡ್?' ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲೇ ಹುಟ್ಟಿದವಳು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ತೋರಿಸಿದೆ. ಅವಳು ಬ್ಯಾಗಿನಿಂದ ಕೈಗೆ ಸುತ್ತುವ ಬಿಳಿ ಟೇಪ್ ತೆಗೆದುಕೊಂಡು ವೇದಿಕೆ ಹತ್ತಿ, ಎಲ್ಲರೂ ನೋಡುತ್ತಿದ್ದಂತೆ 'ವಿಶ್ವ' ಎಂಬುದರ ಮೇಲೆ ಉದ್ದಕ್ಕೂ ಅಂಟಿಸಿದಳು. ಕೋಚ್ ಅದನ್ನು ನೋಡಿ, ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಈಗ ಹೊರಡೋಣ ಎಂದರು. ಎರಡು ಗಂಟೆ ದಾಟಿತ್ತು.

ಅಷ್ಟಕ್ಕೇ ಬಿಟ್ಟರೇ? ಅತಿಥಿ ಊಟ ಮಾಡದೆ ಹೋಗಬಾರದೆಂದು ಬಾಗಿಲಲ್ಲಿ ಅಡ್ಡ ನಿಂತರು. ಡಬ್ಬಿಗೆ ಹೋಳಿಗೆ ತುಂಬಿ ಕೊಡುವ ತನಕ ಕಾರಿನ ಬಾಗಿಲು ಹಾಕಲು ಬಿಡಲಿಲ್ಲ.

ದಾರಿಯುದ್ದಕ್ಕೂ ಮಳೆ, ಮುಂದೆ ಲಾರಿಗಳ ಸಾಲು. ನಾನು ಮನಸ್ಸಿನಲ್ಲೇ ಎಲ್ಲರಿಗೂ ಬೈದೆ: ಅಧ್ಯಕ್ಷರಿಗೆ, ಡ್ಯಾನ್ಸ್ ಕಲಿಸಿದವರಿಗೆ, ಹೋಳಿಗೆ ಕಟ್ಟಿದವರಿಗೆ. ಎಲ್ಲರಿಗಿಂತ ಹೆಚ್ಚು ಪಕ್ಕದಲ್ಲಿ ಕೂತಿದ್ದ ಈ ಸತ್ಯಹರಿಶ್ಚಂದ್ರರಿಗೆ. ನಿಜ ಹೇಳಲು ಇನ್ನೊಂದು ದಿನ ಇರಲಿಲ್ಲವೇ? ಒಂದೇ ನಿಮಿಷ ತಡವಾಗಿ ಬಂದ ಮಕ್ಕಳಿಂದ ಶೆಡ್ಡಿನ ನೆಲ ಗುಡಿಸುವ ಮನುಷ್ಯ ಇವರು. ಕಿಲ್ಕೆನ್ನಿ ಬರುವ ತನಕ ಅವರು ಹೇಳಿದ್ದು ಒಂದೇ ಮಾತು, ತಪ್ಪು ನನ್ನದು ಅಂತ.

ನಾವು ತಲುಪಿದಾಗ ತೂಕದ ಯಂತ್ರವನ್ನು ಎತ್ತಿ ಮೂಲೆಗಿಡುತ್ತಿದ್ದರು. ಮೇಜಿನ ಹಿಂದಿದ್ದ ಹೆಂಗಸು ಬೇಸರದಿಂದಲೇ ಆಗುವುದಿಲ್ಲ ಎಂದರು. ನಾನು ಬಿಡುತ್ತೇನೆಯೇ? ಮಳೆ ಎಂದೆ, ಲಾರಿ ಎಂದೆ, ಮಗುವಿನ ಎರಡು ವರ್ಷ ಎಂದೆ, ಹತ್ತೇ ನಿಮಿಷ ತಾನೆ ಎಂದೆ. ಮಗಳು ನನ್ನ ತೋಳು ಹಿಡಿದು ಈಚೆಗೆ ಎಳೆದಳು.

ಸಂಜೆ ಅವಳ ಎದುರಾಳಿಯನ್ನು ಒಬ್ಬಳನ್ನೇ ರಿಂಗಿಗೆ ಕರೆದು, ಕೈ ಎತ್ತಿ, ಗೆದ್ದಳು ಎಂದರು. ನಾನು ಮನೆಗೆ ಹೋಗೋಣ ಎಂದಿದ್ದೆ, ಇಬ್ಬರೂ ಕೇಳಲಿಲ್ಲ. ಕೋಚ್ ಹೇಳಿದ್ದರಿಂದ ಮಗಳು ಹೋಗಿ ಅವಳ ಕೈ ಕುಲುಕಿ ಬಂದಳು. ಆಮೇಲೆ ಕಾರಿನಲ್ಲಿ ಕೂತು ಡಬ್ಬಿ ತೆಗೆದು, ಅಳುತ್ತಲೇ ಹೋಳಿಗೆ ತಿಂದಳು. ಒಂದನ್ನು ಕೋಚ್‌ಗೂ ಕೊಟ್ಟಳು. ನಾನು ತಿನ್ನಲಿಲ್ಲ.

ಮರುದಿನ ಸಂಘದ ಗ್ರೂಪಿನಲ್ಲಿ ಫೋಟೋಗಳು ಬಂದವು. ಯಾರೋ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ಕೂತು ಬಿಳಿ ಟೇಪನ್ನು ಅಳಿಸಿ 'ವಿಶ್ವ'ವನ್ನು ಮತ್ತೆ ತಂದಿದ್ದರು. ಇಂಥದಕ್ಕೆ ಮಾತ್ರ ನಮ್ಮವರಿಗೆ ಎಲ್ಲಿಂದಲೋ ಟೈಮ್ ಸಿಗುತ್ತದೆ.

ಸಂಕ್ರಾಂತಿಗೆ ಅಧ್ಯಕ್ಷರ ಮನೆಗೆ ಹೋಗಿದ್ದೆವು. ಬೆಂಗಳೂರಿನಿಂದ ಹೊಸದಾಗಿ ಬಂದ ಒಂದಿಬ್ಬರು ಕೂತಿದ್ದರು. ಅಧ್ಯಕ್ಷರು ನನ್ನ ಮಗಳ ಭುಜ ತಟ್ಟಿ, 'ನಮ್ಮ ಬಾಕ್ಸರ್ ಇವಳು. ಇವತ್ತಿನವರೆಗೆ ಒಂದು ಪಂದ್ಯಾನೂ ಸೋತಿಲ್ಲ,' ಎಂದು ಪರಿಚಯ ಮಾಡಿಕೊಟ್ಟರು. ಲೆಕ್ಕಕ್ಕೆ ಅದು ಸುಳ್ಳೂ ಅಲ್ಲವಲ್ಲ ಎಂದು ನನಗೆ ಒಳಗೊಳಗೇ ಹಿತವಾಯಿತು. ಅವಳು ಆಡಿಯೇ ಇರಲಿಲ್ಲ.

'ಇಲ್ಲ ಅಂಕಲ್,' ಎಂದಳು ಮಗಳು, ಕನ್ನಡದಲ್ಲೇ. 'ಒಂದು ಸೋತಿದೀನಿ.'

ಅದು ಸೋಲಲ್ಲಮ್ಮ, ಕಾರ್ಯಕ್ರಮ ತಡವಾಯಿತು, ದಾರಿಯಲ್ಲಿ ಲಾರಿಗಳು ಎಂದು ನಾನು ಬಾಯಿ ತೆರೆದೆ. ಕೋಚ್ ಅವರ ಅಪ್ಪ ವೇದಿಕೆಯ ಮೇಲೆ ಕೂತು ಅತ್ತದ್ದು ನೆನಪಾಯಿತು. ಬಾಯಿ ಮುಚ್ಚಿದೆ. ಅಧ್ಯಕ್ಷರು ಅವಳ ಅಂಗೈಗೆ ಎಳ್ಳುಬೆಲ್ಲ ಹಾಕಿ, ಹಾಗಾದರೆ ಮುಂದಿನ ಪಂದ್ಯ ಯಾವಾಗ, ಅಪ್ಪ ಕರೆದುಕೊಂಡು ಹೋಗುತ್ತಾರಾ ಎಂದು ಕೇಳಿದರು. ಇಲ್ಲ, ತೂಕ ಮಧ್ಯಾಹ್ನವಾದರೂ ಕೋಚ್ ಜೊತೆ ಬೆಳಿಗ್ಗೆಯ ಬಸ್ಸಿಗೇ ಹೋಗುತ್ತೇನೆ ಎಂದಳು.