ಅಮ್ಮನ ಡಿಕಾಕ್ಷನ್ ಇಳಿಯದ ಮೂರು ದಿನ

ಎರಡು ವಾರದ ಹಿಂದೆ ಒಂದು ಬೆಳಗ್ಗೆ ಪೇಪರ್ ಎತ್ತಿಕೊಳ್ಳಲು ಹೋದೆ. ಅದರ ಮೇಲೆ ಒಂದು ಗಾಜಿನ ಲೋಟ ಕೂತಿತ್ತು. ಒಳಗೆ ನೀರು. ನೀರಿನ ಮೇಲೆ ಚಿಟಿಕೆಯಷ್ಟು ಪುಡಿ ತೇಲುತ್ತಿತ್ತು. ಮಿಕ್ಕಿದ್ದೆಲ್ಲ ದಾರಿಯುದ್ದಕ್ಕೂ ಕಂದು ಎಳೆ ಬಿಡುತ್ತಾ ತಳ ಸೇರಿತ್ತು.

ಅದು ಕುಡಿಯುವ ನೀರಲ್ಲ. ನನ್ನ ವಿರುದ್ಧದ ಸಾಕ್ಷ್ಯ.

ಕಾಫಿ ಕುಡಿಯುವ ಮನೆಗಳಲ್ಲಿ ಬೆಳೆದವರಿಗೆ ಈ ಪರೀಕ್ಷೆ ಗೊತ್ತು. ತಣ್ಣೀರಿಗೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಟ್ಟು ಮುಳುಗುತ್ತದೆ. ಲ್ಯಾಬ್ ಬೇಡ, ರಿಪೋರ್ಟಿಗೆ ಕಾಯುವುದೂ ಬೇಡ. ಪರೀಕ್ಷೆ ಮಾಡಿದವಳು ಎಂಬತ್ತೆರಡು ವರ್ಷದ ನನ್ನ ತಾಯಿ. ಸಿಕ್ಕಿಬಿದ್ದವನು ಐವತ್ತೊಂಬತ್ತು ವರ್ಷದ ನಾನು. ಮುಚ್ಚಿಟ್ಟು ಪ್ರಯೋಜನವಿಲ್ಲ. ಓದುಗ ಮಹಾಶಯರ ಮುಂದೆ ತಪ್ಪೊಪ್ಪಿಗೆ ಸಲ್ಲಿಸುತ್ತಿದ್ದೇನೆ.

ಎಲ್ಲ ಶುರುವಾದದ್ದು ಬಸವೇಶ್ವರನಗರದ ನಮ್ಮ ಮಾಮೂಲಿ ಕ್ಲಿನಿಕ್ಕಿನಲ್ಲಿ. ಚಳಿಗಾಲ ಬಂತೆಂದರೆ ಅಮ್ಮನ ಕಾಫಿ ಎರಡರಿಂದ ನಾಲ್ಕಕ್ಕೆ ಏರುತ್ತದೆ. ಬೆಳಗ್ಗೆ ಎದ್ದು ಒಂದು. ಬಿಸಿಲು ಗೇಟು ದಾಟಿ ಒಳಗೆ ಬಂದಾಗ ಒಂದು. ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು. ದೀಪ ಹಚ್ಚಿದ ಮೇಲೆ ಇನ್ನೊಂದು. ಈ ಸಲ ನಿದ್ದೆ ಬರುತ್ತಿಲ್ಲ, ಎದೆ ಉರಿಯುತ್ತದೆ ಎಂದಳು. ಅತ್ತಿಗುಪ್ಪೆಯಲ್ಲಿರುವ ನನ್ನ ತಂಗಿ ಪ್ರಭಾ ಬಂದಳು. ಇಬ್ಬರೂ ಸೇರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಬಿಪಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮಾತ್ರೆ ಬರೆದರು. ಆಮೇಲೆ ನಡೆದದ್ದು ನಮ್ಮ ಎಲ್ಲ ಕ್ಲಿನಿಕ್ಕುಗಳಲ್ಲೂ ನಡೆಯುವ ಒಂದು ವಿಧಿ. ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬ್ಯಾಗು ಅವಳ ತೊಡೆಯ ಮೇಲಿಟ್ಟು, ನಾವಿಬ್ಬರೂ ಮತ್ತೆ ಒಳಗೆ ಹೋದೆವು. (ಯಾಕೆ? ಯಾರಿಗೂ ಗೊತ್ತಿಲ್ಲ. ಹೋಗುತ್ತೇವೆ, ಅಷ್ಟೆ.) ಗಾಬರಿಯಾಗುವಂಥದ್ದೇನಿಲ್ಲ, ಕಾಫಿ ಕಡಿಮೆ ಮಾಡಲಿ, ದಿನಕ್ಕೆ ಎರಡು ಸಾಕು, ಸಂಜೆಯ ಮೇಲೆ ಬೇಡ ಎಂದರು ಡಾಕ್ಟರು.

ಇಷ್ಟು ಸರಳವಾದ ಆಜ್ಞೆ ಕ್ಲಿನಿಕ್ಕಿನ ಮೆಟ್ಟಿಲಿಳಿಯುವಷ್ಟರಲ್ಲಿ ತಿದ್ದುಪಡಿಯಾಯಿತು. ಎರಡು ಎಂದರೆ ಅಮ್ಮ ಮೂರು ಮಾಡುತ್ತಾಳೆ, ಪೂರ್ತಿ ನಿಲ್ಲಿಸಿದರೆ ಮುಖ ತಿರುಗಿಸಿ ಕೂರುತ್ತಾಳೆ ಎಂದು ತಂಗಿ ವಾದಿಸಿದಳು. ಆದ್ದರಿಂದ ಲೋಟದಲ್ಲಿ ಕಾಫಿ ಇರಬೇಕು, ಕಾಫಿಯಲ್ಲಿ ಮಾತ್ರ ಕಾಫಿ ಇರಬಾರದು.

"ಚಿಕೋರಿ ಜಾಸ್ತಿ ಹಾಕ್ಬಿಡೋ ಅಣ್ಣ. ಈ ವಯಸ್ಸಲ್ಲಿ ಅವಳಿಗೇನು ಗೊತ್ತಾಗತ್ತೆ?"

ಒಪ್ಪಿಕೊಂಡೆ. ಒಳ್ಳೆಯ ಉದ್ದೇಶಕ್ಕೆ ಮಾಡುವ ಮೋಸದಲ್ಲಿ ಒಂದು ಸುಖವಿದೆ. ಮೋಸವೂ ಮಾಡಿದ ಹಾಗಾಯಿತು, ಪುಣ್ಯವೂ ಬಂದ ಹಾಗಾಯಿತು. ನನ್ನ ಹೆಂಡತಿಗೆ ಯೋಜನೆ ವಿವರಿಸಿದಾಗ ಅವಳು ಇದು ತಾಯಿ ಮಕ್ಕಳ ವಿಷಯ, ನನ್ನನ್ನು ಎಳೆಯಬೇಡಿ ಎಂದು ಹೇಳಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಎರಡು ಫಿಲ್ಟರುಗಳಿವೆ. ದೊಡ್ಡದು ನಮ್ಮದು, ಹೆಂಡತಿಯ ಆಡಳಿತದಲ್ಲಿದೆ. ಚಿಕ್ಕದು ಅಮ್ಮನದು. ಮದುವೆಯಾದ ಹೊಸದರಲ್ಲಿ ಕೊಂಡ ಹಿತ್ತಾಳೆ ಫಿಲ್ಟರು. ಅದನ್ನು ಅವಳನ್ನು ಬಿಟ್ಟು ಬೇರೆ ಯಾರೂ ತೊಳೆಯುವ ಹಾಗಿಲ್ಲ. ಅವಳ ಪುಡಿಗೂ ಬೇರೆ ಡಬ್ಬಿ. ಹಾಗಾಗಿ ನನ್ನ ಕಾಫಿಗೆ ಕುಂದಿಲ್ಲದಂತೆ ಅವಳ ಕಾಫಿಯನ್ನು ಕೆಡಿಸಲು ಎಲ್ಲ ಅನುಕೂಲವೂ ಇತ್ತು.

ಮೇನ್ ರೋಡಿನ ಪುಡಿ ಅಂಗಡಿಗೆ ಹೋದೆ. ಅಂಗಡಿಯ ಪುಟ್ಟಸ್ವಾಮಿಯವರಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ, ಅವರವರ ಮಿಶ್ರಣ ನೆನಪಿರುತ್ತದೆ. ನಮ್ಮಮ್ಮ ಅವರ ಪಾಲಿಗೆ 'ಎಂಬತ್ತೈದು ಹದಿನೈದು'. ಅಂದರೆ ಎಂಬತ್ತೈದು ಪಾಲು ಕಾಫಿ, ಹದಿನೈದು ಚಿಕೋರಿ. ನಾನು ಬರೀ ಚಿಕೋರಿ ಅರ್ಧ ಕೆಜಿ ಕೊಡಿ ಎಂದಾಗ ಅವರು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದರು. ಪರಿಚಯದವರಿಗೆ ಎಂದೆ. ಅವರು ನಂಬಲಿಲ್ಲ.

"ಅಮ್ಮನ ಫಿಲ್ಟರ್‌ಗೆ ಮಾತ್ರ ಹಾಕ್ಬೇಡಿ ಸಾರ್. ಇಳಿಯಲ್ಲ."

ಚಿಕೋರಿ ಹೆಚ್ಚಾದರೆ ನೀರು ಹೀರಿ, ಉಬ್ಬಿ, ಅಂಟಿನ ಹಾಗೆ ತೂತುಗಳ ಮೇಲೆ ಕೂತುಬಿಡುತ್ತದಂತೆ. ತಲೆಯಾಡಿಸಿ ಬಂದೆ. ಡಿಕಾಕ್ಷನ್ ತುಸು ತಡವಾದರೆ ಆಕಾಶ ಕಳಚಿ ಬೀಳುತ್ತದೆಯೇ? ಮಧ್ಯಾಹ್ನ ಅಮ್ಮ ಮಲಗಿದಾಗ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಒಂದು ಚಮಚ ಅವಳ ಪುಡಿಗೆ ನಾಲ್ಕು ಚಮಚ ಚಿಕೋರಿಯಂತೆ ಕಲಸಿದೆ.

ಅಮ್ಮನ ಬೆಳಗಿಗೆ ಗಡಿಯಾರ ಬೇಕಿಲ್ಲ. ಫಿಲ್ಟರಿಗೆ ಕುದಿನೀರು ಹುಯ್ದು ಮುಚ್ಚಳ ಹಾಕುತ್ತಾಳೆ. ಬಾಗಿಲು ಗುಡಿಸಿ, ನೀರು ಹಾಕಿ, ಪುಟ್ಟದೊಂದು ರಂಗೋಲಿ ಬಿಟ್ಟು, ಕಾಂಪೌಂಡಿನ ದಾಸವಾಳ ಕಿತ್ತು, ಗೇಟಿನ ಚೀಲದಲ್ಲಿರುವ ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬರುತ್ತಾಳೆ. ಡಿಕಾಕ್ಷನ್ ಇಳಿದಿರುತ್ತದೆ. ಅರವತ್ತು ವರ್ಷದಿಂದ ಇಳಿದಿದೆ.

ಅವತ್ತು ಇಳಿದಿರಲಿಲ್ಲ. ಕೆಳಗಿನ ಪಾತ್ರೆಯಲ್ಲಿ ಒಂದು ಚಮಚದಷ್ಟಿತ್ತು. ಅಮ್ಮ ಚಮಚದಿಂದ ಫಿಲ್ಟರಿನ ತಲೆಗೆ ಟಣ್ ಟಣ್ ಎಂದು ಹೊಡೆದಳು. ಕಾದಳು. ಮತ್ತೆ ಹೊಡೆದಳು. ಏಳು ಗಂಟೆಗೆ ಕಾಡಿಗೆಯಂಥ ಒಂದು ದ್ರವ ಸಿಕ್ಕಿತು. ಅದಕ್ಕೇ ಹಾಲು ಬೆರೆಸಿ ಕುಡಿದಳು.

ಮಾರನೆಯ ದಿನ ತೂತು ಕಟ್ಟಿದೆಯೆಂದು ಫಿಲ್ಟರನ್ನು ಬಿಸಿನೀರಲ್ಲಿ ನೆನೆಹಾಕಿ, ಹುಣಸೆಹಣ್ಣಿನಲ್ಲಿ ಉಜ್ಜಿ, ಗ್ಯಾಸಿನ ಉರಿಗೆ ಹಿಡಿದು ಸುಟ್ಟಳು. ಮೂರನೆಯ ದಿನ ಟ್ಯೂಬ್‌ಲೈಟಿನ ಕೆಳಗೆ ಕೂತು, ಕನ್ನಡಕ ಹಣೆಗೇರಿಸಿ, ಸೂಜಿ ಹಿಡಿದು ಒಂದೊಂದೇ ತೂತು ಬಿಡಿಸಿದಳು. ನಾನು ಎದುರಿಗೆ ಕೂತು ಪೇಪರ್ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ, ಹಿಡಿದುಕೊಂಡಿದ್ದೆ.

ನಾಲ್ಕನೆಯ ದಿನ ಬೆಳಗ್ಗೆ ಪೇಪರಿನ ಮೇಲೆ ಆ ಲೋಟ ಬಂತು.

ಅಡುಗೆಮನೆಗೆ ಓಡಿದೆ. ಅಮ್ಮ ಇಲ್ಲ. ಬಚ್ಚಲಲ್ಲಿ ಇಲ್ಲ. ಮೇಲಿನ ಬಾಡಿಗೆ ಮನೆಯವರೂ ನೋಡಿಲ್ಲ. ಗೇಟು ತೆರೆದಿತ್ತು. ರಂಗೋಲಿ ಬಿಟ್ಟಿರಲಿಲ್ಲ. ಗೂಟದಲ್ಲಿದ್ದ ಅಪ್ಪನ ಹಳೆಯ ಮಫ್ಲರ್ ಇರಲಿಲ್ಲ. ಹೊರಗೆ ಎದುರುಮನೆ ಕಾಣದಷ್ಟು ಮಂಜು. ಲುಂಗಿಯಲ್ಲೇ ಸ್ಕೂಟರ್ ತೆಗೆದೆ. ಅರವತ್ತರ ಹೊಸ್ತಿಲಲ್ಲಿರುವ ಗಂಡಸು ಚಳಿಯಲ್ಲಿ ಬೆವರುವುದು ಹೇಗೆಂದು ಅವತ್ತು ಗೊತ್ತಾಯಿತು.

ಮೇನ್ ರೋಡಿನಲ್ಲಿ, ಬ್ಯಾಂಕಿನ ಮುಚ್ಚಿದ ಶಟರಿನ ಮುಂದೆ, ಸೆಕ್ಯುರಿಟಿಯವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕಿವಿಗೆ ಮಫ್ಲರ್. ಕೈಯಲ್ಲಿ ಕಾಫಿ. ಪಕ್ಕದ ಹೋಟೆಲಿನವರು ಪೇಪರ್ ಕಪ್ಪಿನಲ್ಲಿ ಕೊಡುತ್ತಾರೆಂದು ತನ್ನ ಸ್ಟೀಲಿನ ಲೋಟ ಮನೆಯಿಂದಲೇ ತಂದಿದ್ದಳು. ಲೋಟದಿಂದ ಹಬೆ ಏಳುತ್ತಿತ್ತು. ಅವಳ ಮುಖದಲ್ಲಿ ಮೂರು ದಿನದಿಂದ ಕಾಣದ ಒಂದು ಶಾಂತಿ.

ಸೆಕ್ಯುರಿಟಿಯ ಶಿವಲಿಂಗಪ್ಪನವರು, ರೋಣದ ಕಡೆಯವರು, ನನ್ನ ಮುಖ ನೋಡಿದವರೇ ಅಡ್ಡ ಬಂದರು. "ಅವ್ವಾರಿಗೆ ಏನೂ ಅನಬ್ಯಾಡ್ರಿ ಸಾಹೇಬ್ರ. ಚಳ್ಯಾಗ ನಿಂತಿದ್ರು, ನಾನ ಕುರ್ಚಿ ಕೊಟ್ಟೀನ್ರಿ." ತಮ್ಮ ಕಡೆ ಎಲ್ಲ ಚಹಾ, ಈ ತಾಯಿ ಕುಡಿಯುವುದು ನೋಡಿ ತಾವೂ ಒಂದು ಕಾಫಿಗೆ ಹೇಳಿದ್ದಾಗಿ ತಿಳಿಸಿದರು.

"ಗಾಡಿ ಆಫ್ ಮಾಡು. ಸುಮ್ನೆ ಪೆಟ್ರೋಲು," ಎಂದಳು ಅಮ್ಮ. ಆಫ್ ಮಾಡಿದೆ.

"ಡಾಕ್ಟ್ರು ಏನಂದ್ರು?"

"ಕಾಫಿ ಕಡಿಮೆ ಮಾಡ್ಬೇಕು ಅಂದ್ರು. ದಿನಕ್ಕೆ ಎರಡು."

"ಯಾರು ಕುಡಿಯೋ ಕಾಫಿ?"

"ನೀನು ಕುಡಿಯೋದು."

"ಮತ್ತೆ ನಿನಗ್ಯಾಕೆ ಹೇಳಿದ್ರು?"

ನಾನು ಬ್ಯಾಂಕಿನ ಬೋರ್ಡನ್ನು ಮೂರು ಸಲ ಓದಿದೆ.

ಅಮ್ಮ ಒಂದು ಗುಟುಕು ಕುಡಿದು ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ಎರಡು ಅಂದಿದ್ರೆ ಎರಡೇ ಕುಡೀತಿದ್ದೆ. ಮೊದಲು ಫಿಲ್ಟರ್‌ದು ತಪ್ಪು ಅಂದ್ಕೊಂಡೆ ಕಣೋ. ಆಮೇಲೆ ನನ್ನ ನಾಲಿಗೇನೇ ಹೋಯ್ತು ಅಂದ್ಕೊಂಡೆ. ವಯಸ್ಸಾಯ್ತಲ್ಲ, ಇನ್ನು ರುಚಿನೂ ಗೊತ್ತಾಗಲ್ವೇನೋ ಅಂತ ಮೂರು ದಿನ ಯಾರಿಗೂ ಹೇಳದೆ ಹೆದರ್ಕೊಂಡಿದ್ದೆ."

ಇದಕ್ಕೆ ನನ್ನಲ್ಲಿ ತಮಾಷೆಯಿಲ್ಲ. ಎದೆಯುರಿ ತಪ್ಪಿಸುತ್ತೇವೆಂದು ಹೊರಟವರು ನಾವು. ಸರಿಯಾಗಿಯೇ ಇದ್ದ ಅವಳ ನಾಲಿಗೆಯ ಮೇಲೆ ಅವಳಿಗೇ ಅನುಮಾನ ಹುಟ್ಟಿಸಿದೆವು. ಇದಕ್ಕೆ ಯಾವ ಮಾತ್ರೆ ಬರೆಯುತ್ತಾರೆ?

ಅವತ್ತೇ ಒಪ್ಪಂದವಾಯಿತು. ದಿನಕ್ಕೆ ಎರಡು ಕಾಫಿ, ಎಂಬತ್ತೈದು ಹದಿನೈದೇ. ಪುಡಿ ಡಬ್ಬಿ ಇನ್ನು ಮುಂದೆ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ, ಬೀಗದೊಳಗೆ. (ಸಂಕ್ರಾಂತಿಗೆ ಅವಳು ಉಡುವ ಸೀರೆ ಘಮಘಮ ಎನ್ನಲಿದೆ.) ಡಾಕ್ಟರ ಹತ್ತಿರ ಹೋದರೆ ಬೆಂಚಿನ ಮೇಲೆ ಕೂರುವವರು ನಾವು, ಒಳಗೆ ಹೋಗುವವಳು ಅವಳು. ತಂಗಿ ಫೋನಿನಲ್ಲಿ ಏನೋ ತಕರಾರು ತೆಗೆದಳು. ಅಮ್ಮ ಸ್ಪೀಕರಿಗೆ ಹಾಕಿಸಿ, ನೀನು ಏಳನೇ ಕ್ಲಾಸಿನವರೆಗೂ ಹಾಲಿಗೆ ಕಾಫಿ ಸೋಕಿಸದೆ ಕುಡಿದವಳಲ್ಲ, ಸುಮ್ಮನಿರು ಎಂದಳು. ಅಲ್ಲಿಗೆ ಮೇಲ್ಮನವಿ ವಜಾ. ಹದಿನೈದು ದಿನ ಆಗುತ್ತಾ ಬಂತು. ಅವಳು ಎರಡನ್ನು ಮೂರು ಮಾಡಿಲ್ಲ. ನಿದ್ದೆಯೂ ಬರುತ್ತಿದೆಯಂತೆ.

ನನ್ನ ತಕರಾರು ಈಗ ಲೋಕದ ಮೇಲೆ. ಈ ಚಳಿಗಾಲದಲ್ಲಿ ನನ್ನ ಫೋನಿಗೆ ದಿನಾ ಬೆಳಗ್ಗೆ ಉಪದೇಶ ಬರುತ್ತದೆ. ಕಾಫಿ ಬಿಡಿ, ಜೀರಿಗೆ ನೀರು ಕುಡಿಯಿರಿ. ಕಾಫಿ ಬಿಡಿ, ಗ್ರೀನ್ ಟೀ ಕುಡಿಯಿರಿ. ಕುಡಿಯುವವರು ಕುಡಿಯಲಿ, ನನ್ನ ಅಡ್ಡಿಯಿಲ್ಲ. ಆದರೆ ಆ ಹಸಿರು ನೀರಿನ ಮೊದಲ ಗುಟುಕಿಗೆ ಕಣ್ಣು ಮುಚ್ಚಿ 'ಆಹಾ' ಎಂದವರನ್ನು ಯಾರಾದರೂ ಕಂಡಿದ್ದೀರಾ? ಹಿತ್ತಾಳೆಯ ಫಿಲ್ಟರಿನಿಂದ ಇಳಿದ ಎರಡು ಲೋಟ ಬಿಸಿ ಎಂಬತ್ತೆರಡು ವರ್ಷದ ಹೆಂಗಸನ್ನು ಮಂಜಿನಲ್ಲಿ ಎಬ್ಬಿಸಿ, ಗುಡಿಸಿಸಿ, ರಂಗೋಲಿ ಹಾಕಿಸುತ್ತದೆ. ಅದನ್ನು ಕಡಿಮೆ ಮಾಡಬೇಕೆಂದರೆ ಅವಳಿಗೆ ಹೇಳಿ. ಅವಳಿಗೆ ಕಿವಿ ಕೇಳಿಸುತ್ತದೆ. ನಾಲಿಗೆಯಂತೂ ನಮ್ಮೆಲ್ಲರದಕ್ಕಿಂತ ಚುರುಕಾಗಿದೆ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಒಂದು ಸಣ್ಣ ಬೆಳವಣಿಗೆ.

ಮೊನ್ನೆ ಗ್ಯಾಸ್ಟ್ರಿಕ್ ಎಂದು ನಾನೇ ಅದೇ ಕ್ಲಿನಿಕ್ಕಿಗೆ ಹೋಗಿದ್ದೆ. ಜೊತೆಗೆ ಹೆಂಡತಿ ಬಂದಿದ್ದಳು. ಡಾಕ್ಟರು ಚೀಟಿ ಬರೆದ ಮೇಲೆ, ನೀವು ಮೆಡಿಕಲ್ಸಿನಲ್ಲಿ ಮಾತ್ರೆ ತಗೊಳ್ತಾ ಇರಿ, ಒಂದೇ ನಿಮಿಷ ಬಂದೆ ಎಂದು ನನ್ನನ್ನು ಕಳಿಸಿ ಅವಳು ಒಳಗೇ ಉಳಿದಳು. ನಾನು ಅದಕ್ಕೆ ವಿಶೇಷ ಗಮನ ಕೊಡಲಿಲ್ಲ.

ಇವತ್ತು ಬೆಳಗ್ಗೆ ಅಡುಗೆಮನೆಯಿಂದ ದೊಡ್ಡ ಫಿಲ್ಟರಿನ ತಲೆಗೆ ಚಮಚ ಬಡಿಯುವ ಸದ್ದು ಕೇಳಿತು. ಟಣ್ ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್ ಟಣ್. ಅಮ್ಮ ತನ್ನ ಲೋಟ ಹಿಡಿದು ಹಾದುಹೋಗುತ್ತಾ ನನ್ನನ್ನೊಮ್ಮೆ ನೋಡಿದಳು.

ಈಗ ಮಂಕಿ ಕ್ಯಾಪ್ ಹಾಕಿಕೊಂಡು, ಜೇಬಿನಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡು ಗೇಟು ತೆಗೆಯುತ್ತಿದ್ದೇನೆ. ಶಿವಲಿಂಗಪ್ಪನವರ ಹತ್ತಿರ ಇನ್ನೊಂದು ಕುರ್ಚಿ ಇರಬಹುದೇ?